ಆ ಕಂಬಗಳು ಇಲ್ಲಿನವರದ್ದಲ್ಲ ಸ್ವಾಮಿ

ಬೇಸಿಗೆ ಬಂತು ಅಂದರೆ ಕೆನಡಾದ ವ್ಯಾಂಕೂವರ್‌ನಲ್ಲಿ ನನ್ನಂಥ ಗೈಡ್‌ಗಳಿಗೆ ಪುರುಸೊತ್ತಿಲ್ಲ. ಸರ್ರೆಯಲ್ಲೋ ಬರ್ನಬಿಯಲ್ಲೋ ಮಗ ಸೊಸೆ ಇರುತ್ತಾರೆ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಎಲ್ಲರಿಗೂ ಸ್ಟ್ಯಾನ್ಲಿ ಪಾರ್ಕಿನ ಟೋಟೆಮ್ ಕಂಬ, ಅಂದರೆ ಪ್ರಾಣಿ, ಮನುಷ್ಯರ ಆಕೃತಿ ಕೆತ್ತಿದ ಮರದ ಕಂಬ, ನೋಡಲೇಬೇಕು. ಕಂಬದ ಮುಂದೆ ಫೋಟೋ ಆಗುತ್ತದೆ. "ಇಲ್ಲಿನ ಆದಿವಾಸಿಗಳು ಪೂಜಿಸುತ್ತಿದ್ದ ದೇವರು" ಅಂತ ವಾಟ್ಸಾಪ್‌ಗೂ ಹೋಗುತ್ತದೆ. ಇಲ್ಲಿನವರದ್ದೂ ಅಲ್ಲ, ದೇವರೂ ಅಲ್ಲ ಅಂತ ನಾನು ಪಕ್ಕದಲ್ಲೇ ಬಡಕೊಳ್ಳುತ್ತಿರುತ್ತೇನೆ. ಅಷ್ಟರಲ್ಲಿ ಕಳಿಸಿ ಆಗಿರುತ್ತದೆ.

ಸರಿ, ಬರೆದೇ ಹೇಳುತ್ತೇನೆ. ಫ್ರೇಸರ್ ನದಿಯ ಕೆಳಭಾಗ, ಅದು ಸಮುದ್ರ ಸೇರುವ ಬಯಲು, ಎದುರಿನ ವ್ಯಾಂಕೂವರ್ ದ್ವೀಪದ ಆಗ್ನೇಯ ದಡ, ಇವೆಲ್ಲ ಹಾಲ್ಕೊಮೆಲೆಮ್ ನುಡಿಯ ಜನರ ನಾಡು. ಮಸ್ಕ್ವಿಯಮ್, ಸ್ಲೇವಾಟೂತ್, ಕ್ವಾಂಟ್ಲೆನ್, ನದಿಯ ಮೇಲ್ಭಾಗದ ಸ್ಟಾಲೊ, ದ್ವೀಪದ ಕೌವಿಚನ್, ಹೀಗೆ ಹಲವು ಸಮುದಾಯಗಳು. ಪಕ್ಕದ ಸ್ಕ್ವಾಮಿಶ್ ಜನರದ್ದು ನೆಂಟನುಡಿ, ಆದರೆ ಬೇರೆ. ಬಯಲಲ್ಲಿ ಒಂಟಿಯಾಗಿ ನಿಲ್ಲುವ ಎತ್ತರದ ಟೋಟೆಮ್ ಕಂಬ ಇವರ್ಯಾರ ಹಳೆಯ ಪದ್ಧತಿಯೂ ಅಲ್ಲ. ಅದು ಇಲ್ಲಿಂದ ಉತ್ತರಕ್ಕಿರುವ ಕರಾವಳಿಯ ಹೈಡಾ, ಸಿಮ್ಶಿಯನ್, ಕ್ವಾಕ್ವಕಾವಕ್ವ ಜನರದ್ದು. ಅವರಲ್ಲೂ ಅದು ಪೂಜೆಯ ವಿಗ್ರಹವಲ್ಲ, ಮನೆತನದ ಗುರುತು ಮತ್ತು ಕತೆ. ಪಾರ್ಕಿನ ಮೊದಲ ಕಂಬಗಳು 1920ರ ದಶಕದಲ್ಲಿ ಆ ಉತ್ತರದ ಅಲರ್ಟ್ ಬೇ ಕಡೆಯಿಂದ ಬಂದವು. ಮಡಿಕೇರಿಗೆ ಬಂದವರಿಗೆ ರಾಜಸ್ಥಾನದ ಪೇಟ ತೊಡಿಸಿ ಕೊಡವರ ಉಡುಪು ಅಂದ ಹಾಗಾಯಿತು, ಅಲ್ವಾ?

ಕಂಬ ತಂದವರಿಗೆ ಪಾರ್ಕಿನಲ್ಲಿ 'ಇಂಡಿಯನ್ ಹಳ್ಳಿ'ಯ ಮಾದರಿ ಕಟ್ಟುವ ಆಸೆ ಇತ್ತು (ಆಗ ಇಲ್ಲಿನ ಆದಿವಾಸಿಗಳನ್ನು 'ಇಂಡಿಯನ್' ಅನ್ನುತ್ತಿದ್ದರು). ನಿಲ್ಲಿಸಿದ್ದು ಈಗ ಲಂಬರ್‌ಮನ್ಸ್ ಆರ್ಚ್ ಅನ್ನುವ ಜಾಗದ ಹತ್ತಿರ. ಅಲ್ಲಿ ಮೊದಲೇ ಹ್ವಾಯ್‌ಹ್ವಾಯ್ ಅನ್ನುವ ನಿಜವಾದ ಹಳ್ಳಿ ಇತ್ತು! 1888ರಲ್ಲಿ ಪಾರ್ಕ್ ಶುರುವಾಯಿತು. ಅದಕ್ಕೆ ರಸ್ತೆ ಮಾಡುವಾಗ ಆ ಜನ ತಲೆಮಾರುಗಟ್ಟಲೆ ತಿಂದು ಹಾಕಿದ್ದ ಚಿಪ್ಪಿನ ರಾಶಿಯನ್ನು ಅಗೆದು ರಸ್ತೆಗೇ ಹಾಸಿದರು. ಇದ್ದವರನ್ನು ಎಬ್ಬಿಸಿ, ಮೂವತ್ತು ನಲವತ್ತು ವರ್ಷ ಬಿಟ್ಟು ಅದೇ ಜಾಗದಲ್ಲಿ ದೂರದವರ ಕಂಬ ನೆಟ್ಟರು. ಆ ಕಂಬಗಳನ್ನು ಅವು ಈಗಿರುವ, ಪಾರ್ಕಿನದೇ ತುದಿಯಾದ ಬ್ರಾಕ್ಟನ್ ಪಾಯಿಂಟ್‌ಗೆ ತಂದದ್ದು ಆಮೇಲೆ. ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ಏರಿರುತ್ತದೆ, ಯಾರಾದರೂ ಬಾತ್‌ರೂಮ್ ಎಲ್ಲಿ ಅಂತ ಕೇಳುತ್ತಾರೆ.

ಇಲ್ಲಿನವರ ಕೆತ್ತನೆ ನೋಡಬೇಕಾದರೆ ಕಂಬಗಳಿಗೆ ಬೆನ್ನು ಹಾಕಿ. ಅಲ್ಲೇ 2008ರಲ್ಲಿ ನಿಲ್ಲಿಸಿದ ಮೂರು ಸೀಡರ್ ಮರದ ಹೆಬ್ಬಾಗಿಲುಗಳಿವೆ, ಮಸ್ಕ್ವಿಯಮ್ ಕಲಾವಿದೆ ಸೂಸನ್ ಪಾಯಿಂಟ್ ಮಾಡಿದವು. ಹಿಂದೆ ಇವರ ಕೆತ್ತನೆ ಹೆಚ್ಚಾಗಿ ಮನೆಯೊಳಗೇ ಇರುತ್ತಿತ್ತು, ತೊಲೆ ಹೊರುವ ಕಂಬಗಳ ಮೇಲೆ. ಆ ಮನೆಗಳೂ ಸಣ್ಣವಲ್ಲ. 1808ರಲ್ಲಿ ನದಿ ಇಳಿದು ಬಂದ ಅನ್ವೇಷಕ ಸೈಮನ್ ಫ್ರೇಸರ್ 640 ಅಡಿ ಉದ್ದದ ಒಂದು ಮನೆ ನೋಡಿದೆ ಅಂತ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಇನ್ನೊಂದು ಕೆತ್ತನೆ ತಕಲಿಯ ಬಿಲ್ಲೆಯ ಮೇಲಿನದು. ಹೆಂಗಸರು ಕಾಡುಮೇಕೆಯ ಕೂದಲಿಗೆ, ಉಣ್ಣೆಗೆಂದೇ ಸಾಕಿದ ಬಿಳಿ ನಾಯಿಯ ಕೂದಲು ಬೆರೆಸಿ, ಜಿಡ್ಡು ಹೋಗಲು ಬಿಳಿಮಣ್ಣು ಹಾಕಿ ಬಡಿದು, ದೊಡ್ಡ ತಕಲಿಯಲ್ಲಿ ನೂಲುತ್ತಿದ್ದರು. ಬಿಲ್ಲೆ ತಿರುಗಿದಾಗ ಅದರ ಮೇಲಿನ ಹಕ್ಕಿ, ಮೀನುಗಳೂ ತಿರುಗುತ್ತವೆ. ಅಂಥದ್ದೇ ಒಂದು ಭಾರೀ ಬಿಲ್ಲೆ ವಿಮಾನ ನಿಲ್ದಾಣದಲ್ಲಿ, ವಿದೇಶದಿಂದ ಬಂದವರು ಇಳಿಯುವ ಕಡೆಯೇ ಇದೆ. ಅದನ್ನೂ ಮಾಡಿದ್ದು ಸೂಸನ್ ಪಾಯಿಂಟ್. ನೀವು ಅದರ ಎದುರೇ ಇಳಿದು, ಸೂಟ್‌ಕೇಸ್ ನೋಡಿಕೊಂಡು ಬಂದಿರುತ್ತೀರಿ.

"ಹಾಗಾದರೆ ಇವರ ದೇವರು ಎಲ್ಲಿ?" ಇದು ಮುಂದಿನ ಪ್ರಶ್ನೆ. ನಾನು ಆ ಸಮುದಾಯದವನಲ್ಲ. ಕತೆಗಳು ಮನೆಯಿಂದ ಮನೆಗೆ ಬದಲಾಗುತ್ತವೆ, ಅವರು ಹೊರಗಿನವರಿಗೆ ಹೇಳಿದ್ದನ್ನಷ್ಟೇ ಹೇಳುತ್ತೇನೆ. ಮಿಷನ್ ಊರಿನ ಹತ್ತಿರ ಹ್ಯಾಟ್ಜಿಕ್ ಬಂಡೆ ಇದೆ. ಲೋಕವನ್ನು ತಿದ್ದುತ್ತಾ ಬಂದ ಖೆಖಾಲ್ಸ್ ಅನ್ನುವವರು ಮೂವರು ಮುಖಂಡರಿಗೆ ವಿದ್ಯೆ ಕಲಿಸಿ, ಎಲ್ಲರಿಗೂ ಹಂಚಿ ಅಂದರಂತೆ. ಆ ಮುಖಂಡರು ಹಂಚಲಿಲ್ಲ, ಕಲ್ಲಾದರು. ಅವರ ಜೀವ ಇನ್ನೂ ಕಲ್ಲಿನೊಳಗಿದೆ ಅನ್ನುವುದು ಸ್ಟಾಲೊ ಜನರ ನಂಬಿಕೆ. 1990ರ ಹೊತ್ತಿಗೆ ಅಲ್ಲಿ ಮನೆ ಕಟ್ಟಲು ನೆಲ ಸಮ ಮಾಡುತ್ತಿದ್ದರು. ಅಗೆದು ನೋಡಿದಾಗ ಸುಮಾರು 5,000 ವರ್ಷ ಹಳೆಯ ಮನೆಯ ಗುರುತು ಸಿಕ್ಕಿತು, ಜಾಗ ಉಳಿಯಿತು. ಒಮ್ಮೆ ದಾವಣಗೆರೆಯ ಅಜ್ಜಿಯೊಬ್ಬರು ಬಂಡೆಯ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದರು. "ಇದು ದೇವರಲ್ಲಮ್ಮ, ಶಿಕ್ಷೆ ಆದವರು" ಅಂದೆ. "ಆಗಲಿ ಬಿಡಪ್ಪ, ಒಳಗೆ ಜೀವ ಇದೆ ಅಂತ ನೀನೇ ಅಂದೆಯಲ್ಲ" ಅಂದರು. ನಾನು ಸುಮ್ನಾದೆ.

ಹಾಗೆಯೇ ಈ ಜನ ವರ್ಷದ ಮೊದಲ ಸಾಲ್ಮನ್ ಮೀನನ್ನು ಎಲ್ಲರೂ ಹಂಚಿ ತಿಂದು, ಮೂಳೆಗಳನ್ನು ಮರ್ಯಾದೆಯಿಂದ ನದಿಗೆ ಬಿಡುತ್ತಾರೆ.

ಚಳಿಗಾಲದ ಕುಣಿತಕ್ಕೆ ಕರೆದುಕೊಂಡು ಹೋಗಿ ಅಂತ ಮಾತ್ರ ಕೇಳಬೇಡಿ, ದುಡ್ಡು ಜಾಸ್ತಿ ಕೊಡುತ್ತೇನೆ ಅಂದರೂ ಇಲ್ಲ. ಅದು ಅವರ ಕೂಟದ ಮನೆಯಾದ ಲಾಂಗ್‌ಹೌಸ್ ಒಳಗಿನ ವಿಷಯ, ಕ್ಯಾಮೆರಾ ನಡೆಯುವುದಿಲ್ಲ. 1885ರಿಂದ 1951ರವರೆಗೆ ಸರ್ಕಾರ ಪಾಟ್ಲ್ಯಾಚ್ (ಜನರನ್ನು ಕರೆದು ಉಡುಗೊರೆ ಹಂಚುವ ಔತಣ) ಮತ್ತು ಇಂಥ ಕುಣಿತಗಳನ್ನು ಕಾನೂನಿನಿಂದ ತಡೆದಿತ್ತು. ಬಾಗಿಲು ಮುಚ್ಚಿಕೊಂಡು ಉಳಿಸಿಕೊಂಡಿದ್ದನ್ನು ಪ್ರವಾಸಿಗಳಿಗೆ ಯಾಕೆ ತೆರೆಯಬೇಕು? ಫೋಟೋ ಬೇಕೇ ಬೇಕು ಅಂದರೆ ಜೂನ್‌ನಲ್ಲಿ ಕಲ್ಟಸ್ ಕೆರೆಯ ದೋಣಿ ಪಂದ್ಯಕ್ಕೆ ಬನ್ನಿ. ಹನ್ನೊಂದು ಜನ ಒಟ್ಟಿಗೆ ಹುಟ್ಟು ಹಾಕುತ್ತಾರೆ. ಛತ್ರಿ, ಚಾಪೆ ನೀವೇ ತನ್ನಿ.