ಥಾಮಸ್: ಅನ್ವರ್ಥನಾಮವೊಂದು ಅಂಕಿತನಾಮವಾದ ಬಗೆ

ಕ್ರೈಸ್ತರಲ್ಲಿ ಬಹುವಾಗಿ ಬಳಕೆಯಲ್ಲಿರುವ ಥಾಮಸ್ ಎಂಬ ಹೆಸರು ಮೂಲದಲ್ಲಿ ವ್ಯಕ್ತಿಯೊಬ್ಬನನ್ನು ಗುರುತಿಸಲು ಹುಟ್ಟಿಕೊಂಡ ಅಡ್ಡಹೆಸರಾಗಿದ್ದಿರಬೇಕು. ಯೇಸು ಮತ್ತು ಆತನ ಶಿಷ್ಯರ ಆಡುಮಾತಾಗಿದ್ದ ಅರಮಾಯಿಕ್ ಭಾಷೆಯಲ್ಲಿ ‘ತೋಮಾ’ ಎಂದರೆ ಅವಳಿ. ಯೇಸುವಿನ ಹನ್ನೆರಡು ಮಂದಿ ಮುಖ್ಯ ಶಿಷ್ಯರಲ್ಲಿ ಒಬ್ಬನಿಗೆ ಈ ಹೆಸರಿತ್ತು. ಯೇಸುವಿನ ಚರಿತ್ರೆಯನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲೊಂದಾದ ಯೋಹಾನನ ಸುವಾರ್ತೆ ಆತನನ್ನು ‘ದಿದುಮನೆಂಬ ತೋಮ’ ಎಂದು ಕರೆಯುತ್ತದೆ. ದಿದುಮ ಎಂಬುದೂ ಅವಳಿ ಎಂಬರ್ಥದ ಗ್ರೀಕ್ ಪದವೇ ಆದ್ದರಿಂದ, ಅದನ್ನು ಬರೆದವರಿಗೆ ಹೆಸರಿನ ಅರ್ಥ ಇನ್ನೂ ಮರೆತಿರಲಿಲ್ಲವೆಂದು ತಿಳಿಯಬಹುದು.

ಹಾಗಾದರೆ ಆತನ ಜನ್ಮನಾಮ ಯಾವುದು? ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು ಆ ಹನ್ನೆರಡು ಮಂದಿಯ ಪಟ್ಟಿಯಲ್ಲಿ ತೋಮ ಎಂದಷ್ಟೇ ಹೇಳುತ್ತವೆ. ಅರಮಾಯಿಕ್‌ನದೇ ಒಂದು ರೂಪವಾದ ಸಿರಿಯಾಕ್ ಭಾಷೆಯ ಕ್ರೈಸ್ತ ಪರಂಪರೆ ಮಾತ್ರ ಆತನನ್ನು ಯೂದ ತೋಮನೆಂದು ಗುರುತಿಸುತ್ತದೆ. ಲೂಕನ ಪಟ್ಟಿಯಲ್ಲಿ ಬೇರೆ ಇಬ್ಬರು ಯೂದರಿರುವುದನ್ನು ನೋಡಿದರೆ, ಮೂರನೆಯವನನ್ನು ಅಡ್ಡಹೆಸರಿನಿಂದ ಕರೆದಿರಬಹುದೆಂಬ ಊಹೆ ಅಸಹಜವೆನಿಸದು. ಯಾರ ಅವಳಿ ಎಂಬುದನ್ನು ಬೈಬಲ್ ಹೇಳುವುದಿಲ್ಲ. 3ನೆಯ ಶತಮಾನದ ‘ತೋಮನ ಕೃತ್ಯಗಳು’ ಎಂಬ ಗ್ರಂಥ ಆತನನ್ನು ಯೇಸುವಿನ ಅವಳಿಯೆಂದೇ ಚಿತ್ರಿಸುತ್ತದೆಯಾದರೂ ಆ ಗ್ರಂಥವನ್ನು ಕ್ರೈಸ್ತ ಸಭೆಯು (ಚರ್ಚು) ಬೈಬಲಿಗೆ ಸೇರಿಸಿಕೊಳ್ಳಲಿಲ್ಲ.

ಗ್ರೀಕರು ಕೊನೆಗೆ ‘ಸ್’ ಸೇರಿಸಿ ತಮ್ಮ ವ್ಯಾಕರಣಕ್ಕೆ ಒಗ್ಗಿಸಿಕೊಂಡ ರೂಪವೇ ಲ್ಯಾಟಿನ್ ಮೂಲಕ ಯೂರೋಪಿಗೆ ಹರಡಿತು. ಇಂಗ್ಲೆಂಡಿನಲ್ಲಿ, ಫ್ರಾನ್ಸಿನಿಂದ ಬಂದ ನಾರ್ಮನ್ನರ 1066ರ ವಿಜಯಕ್ಕೆ ಮೊದಲು, ಇದು ಬಹುತೇಕ ಪಾದ್ರಿಗಳ ಹೆಸರಾಗಿತ್ತು. ಅದನ್ನು ಮನೆಮನೆಯ ಹೆಸರಾಗಿಸುವುದರಲ್ಲಿ ಯೇಸುವಿನ ಆ ಶಿಷ್ಯನಿಗಿಂತ ಹೆಚ್ಚಿನ ಪಾಲು ಥಾಮಸ್ ಬೆಕೆಟ್‌ನದು ಎನ್ನಬೇಕು. ದೊರೆ 2ನೆಯ ಹೆನ್ರಿಯೊಡನೆ ಸಭೆಯ ಹಕ್ಕುಗಳಿಗಾಗಿ ಸೆಣಸಿದ ಈ ಆರ್ಚ್‌ಬಿಷಪ್ 1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿಯ ಪ್ರಧಾನ ದೇವಾಲಯದೊಳಗೇ ಕೊಲೆಯಾದ. 1173ರಲ್ಲಿ ಸಂತನೆಂದು ಘೋಷಿತನಾದ. ಆತನ ಸಮಾಧಿ ದೊಡ್ಡ ಯಾತ್ರಾಸ್ಥಳವಾಯಿತು. 1538ರಲ್ಲಿ 8ನೆಯ ಹೆನ್ರಿ ಆ ಸಮಾಧಿಯನ್ನು ಕೆಡವಿಸಿದಾಗ ಆತನ ಮುಖ್ಯ ಮಂತ್ರಿಯಾಗಿದ್ದವನು ಥಾಮಸ್ ಕ್ರಾಮ್‌ವೆಲ್, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದವನು ಥಾಮಸ್ ಕ್ರಾನ್ಮರ್. ಸಂತನ ಸ್ಮಾರಕ ಅಳಿದರೂ ಹೆಸರು ಅಷ್ಟು ಆಳಕ್ಕೆ ಇಳಿದಿತ್ತು.

ಭಾರತದಲ್ಲಿ ಈ ಹೆಸರು ಬೇರೆ ದಾರಿ ಹಿಡಿಯಿತು. ತೋಮನು ಕ್ರಿ.ಶ. 52ರಲ್ಲಿ ಮಲಬಾರ್ ಕರಾವಳಿಗೆ ಬಂದನೆಂಬುದು ಕೇರಳದ ಸಿರಿಯನ್ ಕ್ರೈಸ್ತರ ನಂಬಿಕೆ. ಅವರ ಆರಾಧನಾ ಭಾಷೆ ಸಿರಿಯಾಕ್ ಆಗಿದ್ದುದರಿಂದ ತೋಮಾ, ತೊಮ್ಮನ್ ಎಂಬ ರೂಪಗಳು ಅಲ್ಲಿ ಗ್ರೀಕಿನ ‘ಸ್’ ಇಲ್ಲದೆಯೇ ಉಳಿದವು. ಕನ್ನಡ ಬೈಬಲಿನ ‘ತೋಮ’ನೂ ಈ ಮೂಲರೂಪಕ್ಕೇ ಹತ್ತಿರ, ನಾವು ಬರೆಯುವ ‘ಥಾಮಸ್’ ಇಂಗ್ಲಿಷಿನ ಕಾಗುಣಿತವನ್ನು ನೋಡಿ ಬಂದದ್ದು, ಇಂಗ್ಲಿಷರ ನಾಲಿಗೆಯಲ್ಲಿ ಅದು ‘ಟಾಮಸ್’.