ಸ್ತನ ಕ್ಯಾನ್ಸರ್ ಮತ್ತು ಕಬ್ಬಿಣದ ರಿಸೆಪ್ಟರ್: ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಮೊದಲು ಓದಿಕೊಳ್ಳಲು

ದೇರಳಕಟ್ಟೆಯಲ್ಲಿ ನನ್ನ ಜೊತೆ ಓದುವವರಿಗಾಗಿ ಈ ಟಿಪ್ಪಣಿ. ಟ್ರಾನ್ಸ್‌ಫೆರಿನ್ ರಿಸೆಪ್ಟರ್ 1 ಅಂದರೂ ಸಿಡಿ71 ಅಂದರೂ ಒಂದೇ: ಕೋಶದ ಪೊರೆಯ ಮೇಲಿದ್ದು ಕಬ್ಬಿಣವನ್ನು ಒಳಗೆ ತರುವ ಪ್ರೋಟೀನ್. ಎರಡು ಪುಸ್ತಕದಲ್ಲಿ ಎರಡು ಹೆಸರು ಕಂಡು ಸುಮ್ನೆ ಗೊಂದಲ ಮಾಡಿಕೊಳ್ಳಬೇಡಿ.

ಮೊದಲು ಇದರ ಕೆಲಸ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಕಬ್ಬಿಣವನ್ನು ಹೊತ್ತು ತಿರುಗುತ್ತದೆ, ಒಂದರಲ್ಲಿ ಎರಡು ಪರಮಾಣು. ರಿಸೆಪ್ಟರ್ ಅದನ್ನು ಹಿಡಿದ ಮೇಲೆ ಜೀವಕೋಶದ ಪೊರೆ ಒಳಕ್ಕೆ ಮಡಚಿ ಎಂಡೋಸೋಮ್ ಎಂಬ ಪುಟ್ಟ ಚೀಲವಾಗುತ್ತದೆ. ಚೀಲದ ಪಿಎಚ್ ಸುಮಾರು 5.5ಕ್ಕೆ ಇಳಿದಾಗ ಕಬ್ಬಿಣ ಕಳಚಿಕೊಳ್ಳುತ್ತದೆ. ಸ್ಟೀಪ್3 ಎಂಬ ಕಿಣ್ವ ಅದನ್ನು ಫೆರಿಕ್‌ನಿಂದ ಫೆರಸ್ ರೂಪಕ್ಕೆ ತರುತ್ತದೆ, ಡಿಎಂಟಿ1 ಎಂಬ ಸಾಗಣೆ ಪ್ರೋಟೀನ್ ಅದನ್ನು ಚೀಲದಿಂದ ಹೊರಗೆ, ಕೋಶದ ಒಳದ್ರವವಾದ ಸೈಟೋಪ್ಲಾಸಂಗೆ ದಾಟಿಸುತ್ತದೆ. ಬಂದರಿನಿಂದ ಬೆಂಗ್ರೆಗೆ ಜನರನ್ನು ಇಳಿಸಿ ಬರುವ ದೋಣಿಯ ಹಾಗೆ, ರಿಸೆಪ್ಟರ್ ಮತ್ತೆ ಪೊರೆಗೆ ವಾಪಸ್.

ಡಿಎನ್‌ಎ ತಯಾರಿಗೆ ಬೇಕಾದ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವ ಕಬ್ಬಿಣವಿಲ್ಲದೆ ನಡೆಯುವುದಿಲ್ಲ. ಹಾಗಾಗಿ ಬೇಗ ಬೇಗ ವಿಭಜನೆಯಾಗುವ ಕೋಶಕ್ಕೆ ಈ ರಿಸೆಪ್ಟರ್ ಜಾಸ್ತಿ ಬೇಕು. ಸ್ತನದ ಗಡ್ಡೆಗಳಲ್ಲೂ ಹಾಗೇ: ಕೋಶಗಳು ಸಾಮಾನ್ಯಕ್ಕಿಂತ ತೀರಾ ಬೇರೆಯಾಗಿ ಕಾಣುವ, ಅಂದರೆ ಹೆಚ್ಚಿನ ಗ್ರೇಡ್‌ನವುಗಳಲ್ಲಿ, ಈಸ್ಟ್ರೊಜೆನ್ ರಿಸೆಪ್ಟರ್ ಇಲ್ಲದವುಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಆಮ್ಲಜನಕ ಕಡಿಮೆಯಾದಾಗ ಎಚ್‌ಐಎಫ್-1 ಎಂಬ ಪ್ರೋಟೀನ್ ಕೂಡ ಇದನ್ನು ಏರಿಸುತ್ತದೆ.

ಈ ರಿಸೆಪ್ಟರ್ ಜಾಸ್ತಿಯಾದರೆ ಕ್ಯಾನ್ಸರ್ ಹರಡುತ್ತದೆಯೇ ಎಂಬ ಪ್ರಶ್ನೆಯಲ್ಲಿ ಸ್ವಲ್ಪ ನಿಲ್ಲಬೇಕು. "ರಿಸೆಪ್ಟರ್ ಜಾಸ್ತಿ, ಆದ್ದರಿಂದ ಹರಡುತ್ತದೆ" ಎಂದು ಬರೆದರೆ ಉತ್ತರ ಅರ್ಧ. ಕೋಶ ವೇಗವಾಗಿ ಬೆಳೆಯುತ್ತಿದೆ ಎಂಬುದರ ಗುರುತು ಮಾತ್ರ ಇದಾಗಿರಬಹುದಲ್ವಾ? ಇಲಿಗಳಲ್ಲಿ 4ಟಿ1 ಎಂಬ ಕೋಶಗಳನ್ನು ಬಳಸುವ ಸ್ತನ ಕ್ಯಾನ್ಸರ್ ಮಾದರಿಯಲ್ಲಿ ಈ ರಿಸೆಪ್ಟರ್ ತಗ್ಗಿಸಿದಾಗ ಗಡ್ಡೆಯ ಬೆಳವಣಿಗೆಯೂ ಶ್ವಾಸಕೋಶಕ್ಕೆ ಹರಡುವುದೂ ಕಡಿಮೆಯಾಯಿತು. ರಿಸೆಪ್ಟರ್ ಬರೀ ಗುರುತಲ್ಲ, ಹರಡುವುದರಲ್ಲಿ ಅದರ ಕೈವಾಡವೂ ಇದೆ ಎನ್ನಲು ಇದು ಆಧಾರ. ಮನುಷ್ಯರಿಗೆ ಇದನ್ನೇ ನೇರವಾಗಿ ಅನ್ವಯಿಸಬೇಡಿ.

ಕಬ್ಬಿಣ ಹೊರಹಾಕುವ ಫೆರೋಪೋರ್ಟಿನ್ ಅನ್ನೂ ಜೊತೆಗೆ ನೋಡಬೇಕು, ನನಗಂತೂ ಅದೇ ಹೆಚ್ಚು ಮುಖ್ಯ ಅನಿಸುತ್ತದೆ. 2010ರ ಒಂದು ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಅದು ಕಡಿಮೆಯಿತ್ತು. ಅದು ಕಡಿಮೆ ಇದ್ದ ರೋಗಿಗಳಲ್ಲಿ ಕ್ಯಾನ್ಸರ್ ದೂರಕ್ಕೆ ಹರಡುವ ಸಾಧ್ಯತೆ ಹೆಚ್ಚಿತ್ತು. ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗುವುದು ಕಮ್ಮಿ: ಕಬ್ಬಿಣ ಕೋಶದಲ್ಲೇ ಉಳಿಯುತ್ತದೆ.

ಊರಲ್ಲಿ ಯಾರಾದರೂ "ಹಾಗಾದರೆ ಹರಿವೆ ಪದಾರ್ಥ ಬಿಡಬೇಕಾ?" ಎಂದು ಕೇಳಿದರೆ, ಬೇಡ ಎನ್ನಿ. ಇದು ಕೋಶದ ಮಟ್ಟದ ವಿಷಯ. ಚಿಕಿತ್ಸೆಯಲ್ಲಿರುವವರಿಗೆ ರಕ್ತಹೀನತೆಯೂ ಸಾಮಾನ್ಯ. ಕಬ್ಬಿಣದ ಮಾತ್ರೆ ನಿಲ್ಲಿಸುವುದು ವೈದ್ಯರು ಹೇಳಿದರೆ ಮಾತ್ರ.

ವೈವಾದಲ್ಲಿ ಬರಬಹುದಾದ ಇನ್ನೊಂದು ಪ್ರಶ್ನೆ: ಚಿಕಿತ್ಸೆಗೆಂದು ಈ ರಿಸೆಪ್ಟರನ್ನೇ ಮುಚ್ಚಿಬಿಟ್ಟರೆ? ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣವಾಗಲಿರುವ ಕೋಶಗಳಿಗೂ ಕಬ್ಬಿಣ ಇದೇ ರಿಸೆಪ್ಟರ್‌ನಿಂದಲೇ ಬರುವುದು. ಮುಚ್ಚಿದರೆ ಮೊದಲು ಪೆಟ್ಟು ಬೀಳುವುದು ಅವಕ್ಕೇ.