ಜೋರಾಗಿ ಕೇಳಿಸಿದ್ದೇ ಒಳ್ಳೆಯ ಸ್ಪೀಕರ್ ಅಲ್ಲ

ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ, ಸಿದ್ದಾಪುರದ ಕಡೆ ಮನೆಗಳಿಗೆ ಆಡಿಯೋ ಸಿಸ್ಟಮ್ ಕೂರಿಸುವುದು ನನ್ನ ಕೆಲಸ. ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ದುಬಾರಿ ಬುಕ್‌ಶೆಲ್ಫ್ ಸ್ಪೀಕರ್ (ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಪೆಟ್ಟಿಗೆಯದು) ಬಗ್ಗೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಮೈಸೂರಿಗೋ ಬೆಂಗಳೂರಿಗೋ ಹೋಗಿ, ಎರಡು ಜೋಡಿ ಕೇಳಿ, ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿಕೊಂಡು ಬರುತ್ತಾರೆ. ಆಮೇಲೆ ನನಗೆ ಫೋನ್: "ಇದು ಅದಕ್ಕಿಂತ ಎಷ್ಟೋ ಚೆನ್ನಾಗಿದೆ, ಅಲ್ವಾ?"

ನಾನು ಕೇಳುವುದು ಒಂದೇ ಪ್ರಶ್ನೆ. ಎರಡನ್ನೂ ಒಂದೇ ಜೋರಿನಲ್ಲಿ ಕೇಳಿದ್ರಾ?

"ಹೌದು, ವಾಲ್ಯೂಮ್ ಮುಟ್ಟಲೇ ಇಲ್ಲ" ಅನ್ನುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ. ವಾಲ್ಯೂಮ್ ಮುಟ್ಟದಿದ್ದರೆ ಎರಡೂ ಒಂದೇ ಜೋರಿನಲ್ಲಿ ಕೇಳುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಹಾಗಾಗಿ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಪ್ರತಿ ಸ್ಪೀಕರ್‌ಗೂ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಅನ್ನುವ ಲೆಕ್ಕ ಅದು. ಹಾರ್ಬೆತ್ ಪಿ3ಇಎಸ್‌ಆರ್‌ಗೆ 83.5. ಕೆಫ್ ಎಲ್‌ಎಸ್50 ಮೆಟಾಗೆ 85. ಬೋವರ್ಸ್ ಅಂಡ್ ವಿಲ್ಕಿನ್ಸ್ 805 ಡಿ4ಗೆ 88. ಕ್ಲಿಪ್ಶ್ ಆರ್‌ಪಿ-600ಎಂಗೆ 96. ಇವು ಕಂಪನಿಗಳು ಕೊಟ್ಟ ಅಂಕಿ. ಅಳೆಯುವ ರೀತಿ ಒಬ್ಬೊಬ್ಬರದು ಒಂದೊಂದು, ಹಾಗಾಗಿ ಒಂದೆರಡು ಡೆಸಿಬಲ್ ಆಚೀಚೆ ಇಟ್ಟುಕೊಳ್ಳಿ. ಆದರೂ 3 ಡೆಸಿಬಲ್ ಅಂದರೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಟ್ಟ ಹಾಗೆ. 10 ಡೆಸಿಬಲ್ ಅಂದರೆ ಹತ್ತು ಪಟ್ಟು. ಕಿವಿಗೆ ಅದು ಸುಮಾರು ಎರಡರಷ್ಟು ಜೋರು.

ಇಷ್ಟೊಂದು ವ್ಯತ್ಯಾಸ ಇದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಹೆಚ್ಚು ಮೋಸ ಆಗುವುದು ಚಿಕ್ಕ ವ್ಯತ್ಯಾಸದಲ್ಲಿ. ಒಂದು ಡೆಸಿಬಲ್ ಹೆಚ್ಚಾದರೆ "ಜೋರಾಯ್ತು" ಅಂತ ನಮಗೆ ಅನ್ನಿಸುವುದಿಲ್ಲ. "ಸ್ಪಷ್ಟವಾಗಿದೆ, ತುಂಬಿಕೊಂಡಿದೆ, ಬಾಸ್ ಚೆನ್ನಾಗಿದೆ" ಅನ್ನಿಸುತ್ತದೆ. ಕಿವಿ ಇರುವುದೇ ಹಾಗೆ. ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸದ್ದು ಕಡಿಮೆಯಾದಂತೆ ನಮಗೆ ಬಾಸ್ ಬೇಗ ಕಳೆದುಹೋಗುತ್ತದೆ, ಜಾಸ್ತಿಯಾದಂತೆ ವಾಪಸ್ ಬರುತ್ತದೆ. ಸ್ಪೀಕರ್ ಬದಲಾಗದೆಯೂ ಸ್ಪೀಕರ್ ಬದಲಾದ ಹಾಗೆ ಕೇಳುತ್ತದೆ.

ಸಿದ್ದಾಪುರದ ಹತ್ತಿರ ನಿವೃತ್ತ ಕರ್ನಲ್ ಒಬ್ಬರು ಕೆಫ್ ಮತ್ತು ಕ್ಲಿಪ್ಶ್ ಎರಡನ್ನೂ ಮನೆಗೇ ತರಿಸಿದ್ದರು. ತೋಟದ ಬಂಗಲೆ, ರೆಡ್ ಆಕ್ಸೈಡ್ ನೆಲ, ಒಂದು ಕಡೆ ಪೂರ್ತಿ ಗಾಜು. ನಾನು ಹೋಗುವಷ್ಟರಲ್ಲಿ ಕೆಫ್ ಪೆಟ್ಟಿಗೆಗೆ ವಾಪಸ್ ಹೋಗಿತ್ತು. "ಸಪ್ಪೆ" ಅಂದರು. ನಾನು ಕೇಳಿದೆ, "ಸಾರ್, ನಿಮ್ಮ ಕಾಫಿ ರುಚಿ ನೋಡೋ ಕಪ್ಪಿಂಗ್ ಮಾಡುವಾಗ ಒಂದು ಕಪ್ಪಿಗೆ ಎರಡರಷ್ಟು ಪುಡಿ ಹಾಕ್ತಾರಾ?" ಅವರು ಒಂದು ಕ್ಷಣ ನೋಡಿದರು. ಮತ್ತೆ ಏನೂ ಹೇಳಬೇಕಾಗಲಿಲ್ಲ. ತಾವೇ ಪೆಟ್ಟಿಗೆ ತೆಗೆದರು.

ಮಾಡಿದ್ದು ಇಷ್ಟೇ. ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿ, ಅವರು ಕೂರುವ ಕುರ್ಚಿಯಲ್ಲಿ ಕಿವಿಯ ಮಟ್ಟಕ್ಕೆ ಫೋನ್ ನಿಲ್ಲಿಸಿದೆವು. ಹಾಡಲ್ಲ, ಪಿಂಕ್ ನಾಯ್ಸ್ ಹಾಕಿದೆವು, ಅಂದರೆ ಎಲ್ಲ ಸ್ವರಗಳೂ ಬೆರೆತ, ಜಲಪಾತದಂಥ ಒಂದೇ ಸಮನೆ ಸದ್ದು. ಅದರಲ್ಲೂ 500ರಿಂದ 2000 ಹರ್ಟ್ಜ್, ಅಂದರೆ ನಡುವಿನ ಸ್ವರ ಮಾತ್ರ ಇರುವುದು, ಯಾಕೆಂದರೆ ಪೂರ್ತಿ ನಾಯ್ಸ್ ಹಾಕಿದರೆ ರೂಮಿನ ಬಾಸ್ ಲೆಕ್ಕ ಕೆಡಿಸುತ್ತದೆ. ಫೋನ್ ತೋರಿಸುವ ಅಂಕಿ ನಿಜವಾದದ್ದೇ ಆಗಬೇಕಿಲ್ಲ. ಅದೇ ಫೋನ್, ಅದೇ ಜಾಗ ಇದ್ದರೆ ಹೋಲಿಕೆಗೆ ಸಾಕು. ಒಂದು ಜೋಡಿಗೆ 75 ಬರುವ ಕಡೆ ವಾಲ್ಯೂಮ್ ಗುಂಡಿಯ ಪಕ್ಕ ಬ್ಯಾಂಡೇಜ್ ಟೇಪ್ ಅಂಟಿಸಿ ಪೆನ್ಸಿಲ್ ಗೆರೆ ಹಾಕಿದೆವು. ಇನ್ನೊಂದಕ್ಕೂ 75 ಬರುವ ಕಡೆ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಅಂತರ ನೋಡಿಯೇ ಕರ್ನಲ್ "ಅಬ್ಬಾ" ಅಂದರು. ಸ್ಟ್ಯಾಂಡ್ ಒಂದೇ, ಜಾಗವೂ ಒಂದೇ. ವೈರ್ ಬದಲಿಸುವಾಗ ಪ್ರತಿ ಸಲ ಆಂಪ್ ಆಫ್. ದಯವಿಟ್ಟು ಇದನ್ನು ಮರೆಯಬೇಡಿ, ಎರಡು ವೈರ್ ತುದಿ ತಾಗಿದರೆ ಆಂಪ್ ಸುಟ್ಟುಹೋಗಬಹುದು.

ಆಮೇಲೆ ಮೇಡಂ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ತೆಳು ಸೀರೆ ಕಟ್ಟಿದೆವು. ಇದು ಅತಿಯಾಯ್ತು ಅನ್ನಿಸಬಹುದು. ಆದರೆ ಆಡಿಯೋ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಅದೇ ಸ್ಪೀಕರ್‌ಗಳನ್ನು ನೋಡಿಕೊಂಡು ಕೇಳಿದಾಗ ಜನ ಕೊಟ್ಟ ಅಂಕ ಬೇರೆ, ಪರದೆ ಹಿಂದೆ ಇಟ್ಟು ಕೇಳಿಸಿದಾಗ ಕೊಟ್ಟದ್ದು ಬೇರೆ. ಬೆಲೆ, ಬ್ರ್ಯಾಂಡು, ಪೆಟ್ಟಿಗೆಯ ಗಾತ್ರ, ಎಲ್ಲವೂ ಕಿವಿಯೊಳಗೆ ಕೂತುಬಿಡುತ್ತವೆ. ಮೇಡಂ ಎರಡು ಹಾಡು ಕೇಳಿ, "ಇದರಲ್ಲಿ ಹಾಡುವವರು ಇಲ್ಲೇ ನಿಂತ ಹಾಗಿದೆ" ಅಂದರು. ಅದು ಕೆಫ್. ಆ ಮನೆಯಲ್ಲಿ ಈಗ ಅದೇ ಇದೆ.

ಹಾಗಂತ ಕ್ಲಿಪ್ಶ್ ಕಡಿಮೆ ಅಂತ ಓದಿಕೊಳ್ಳಬೇಡಿ. ದೊಡ್ಡ ಹಾಲ್, ಚಿಕ್ಕ ಆಂಪ್, ಪುತ್ತರಿ ಹಬ್ಬಕ್ಕೆ ಮನೆ ತುಂಬ ನೆಂಟರು, ವಾಲಗ ಹಾಕಿ ಕುಣಿಯಬೇಕು ಅನ್ನುವ ಮನೆಗೆ ಆ 96 ಡೆಸಿಬಲ್ ನಿಜಕ್ಕೂ ಬೇಕು. ಅಲ್ಲಿಗೆ 83ರ ಸ್ಪೀಕರ್ ಕೊಟ್ಟರೆ ಪಾಪ, ಅದು ಏದುಸಿರು ಬಿಡುತ್ತದೆ. ಬಿಬಿಸಿಯವರು ಎಲ್‌ಎಸ್3/5ಎ ಅನ್ನುವ ಪುಟ್ಟ ಸ್ಪೀಕರ್ ಮಾಡಿದ್ದೇ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಹತ್ತಿರ ಕೂತು ಕೇಳುವುದಕ್ಕೆ. ಆ ಜಾತಿಯ ಸ್ಪೀಕರ್‌ನಿಂದ ಮದುವೆ ಮನೆ ಸದ್ದು ಕೇಳುವುದು ಅನ್ಯಾಯ.

ನಮ್ಮ ಕಡೆಯ ಮನೆಗಳಿಗೆ ಇನ್ನೆರಡು ಮಾತು. ಹೆಸರು ಬುಕ್‌ಶೆಲ್ಫ್ ಅಂತ ಇದ್ದರೂ ಹಿಂದೆ ಪೋರ್ಟ್ (ಗಾಳಿ ಆಡುವ ತೂತು) ಇರುವುದನ್ನು ಕಪಾಟಿನೊಳಗೆ ತುರುಕಬೇಡಿ, ಬಾಸ್ ಗುಂಯ್‌ಗುಡುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದೆ ಬರಲಿ. ಬರೀ ನೆಲಕ್ಕೆ ಒಂದು ದಪ್ಪ ಜಮಖಾನ ಹಾಸಿ. ಸಾವಿರಾರು ರೂಪಾಯಿಯ ಕೇಬಲ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ಹಳೆಯ ಜೋಡಿ ಕೊಳ್ಳುವವರು ವೂಫರ್ (ಬಾಸ್ ಕೊಡುವ ದೊಡ್ಡ ಕೋನ್) ಸುತ್ತಲಿನ ಅಂಚು ಮುಟ್ಟಿ ನೋಡಿ. ಫೋಮ್ ಆಗಿದ್ದರೆ ನಮ್ಮ ತೇವಕ್ಕೆ ಬೇಗ ಪುಡಿಯಾಗುತ್ತದೆ, ರಬ್ಬರ್ ಬಾಳುತ್ತದೆ.

ಹೋಲಿಸಿ ನೋಡಬೇಕು ಅಂತಿದ್ದರೆ ಡೀಲರ್ ಹತ್ತಿರ ಎರಡು ಜೋಡಿ ಮನೆಗೆ ಕೇಳಿ. ಡಿಪಾಸಿಟ್ ತೆಗೆದುಕೊಂಡು ಕೊಡುವವರು ಇದ್ದಾರೆ. ಅದನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಜೂನ್‌ನಲ್ಲಿ ಶೀಟ್ ಮೇಲೆ ಮಳೆ ಶುರುವಾದರೆ 75 ಡೆಸಿಬಲ್‌ನಲ್ಲಿ ಯಾವ ಸ್ಪೀಕರ್ ಹೇಗಿದೆ ಅಂತ ನನಗೂ ಹೇಳಲಿಕ್ಕೆ ಆಗುವುದಿಲ್ಲ.